ಅಂಜಿಕೆಯ ಸಾಲು

ಬರೆದವರ ಮನಸ್ಸು ಓದಿದವರಿಗೆ ತಾಗುವ ಕಾಲವದು. ಹುಬ್ಬಳ್ಳಿಯ ಶಾಂತಲಾ ಹಾದಿಮನಿ, ಕಚೇರಿಯವರೆಲ್ಲ ಸೇರಿ ಒಂದೇ ಕಡತ ಬರೆಯುವ ಆ್ಯಪ್ ಕಟ್ಟಿದ್ದಳು. ಕೊಳ್ಳುವ ಮುನ್ನ ಅದರಲ್ಲಿ ಓದಿ ನೋಡಿದ ಕಚೇರಿಯೊಂದರ ಸಾಹೇಬರು, ಕೈಕೆಳಗಿನವರ ಸಿಟ್ಟು ತಾಗಿ ಬೆವೆತರು. "ಮನಸ್ಸು ತಾಗದಂಗ ಮಾಡ್ರಿ, ತಗೋತೀವಿ" ಎಂದರು. ಶಾಂತಲಾ ಒಪ್ಪದೆ, ಆ್ಯಪನ್ನು ಮಕ್ಕಳ ಆಸ್ಪತ್ರೆಗೆ ಒಯ್ದಳು.

ಅಲ್ಲಿ ಬೆಳಗಿನ ಪಾಳಿಯ ನರ್ಸ್ ಮೆಹರುನ್ನೀಸಾ, ಹಿಂದಿನ ಪಾಳಿಯವಳು ಬರೆದಿಟ್ಟ ಸಾಲು ಓದಿದಳು: ‘ಕಿಟಕಿ ಪಕ್ಕದ ಕೂಸಿಗೆ ಜ್ವರ ಇಳಿದಿದೆ.’ ಓದುತ್ತಲೇ ಅವಳ ಎದೆ ಝಲ್ಲೆಂದಿತು.

"ಜ್ವರ ಇಳದೈತಿ ಅಂತ ಬರದಾಳ್ರಿ ಮೇಡಂ, ಆದ್ರ ಅಂಜಿಕೋಂತ ಬರದಾಳ!" ಎಂದು ಪಕ್ಕದಲ್ಲೇ ನಿಂತಿದ್ದ ಶಾಂತಲಾಗೆ ಹೇಳುತ್ತಲೇ ಓಡಿದಳು.

ಕೂಸಿನ ತುಟಿ ನೀಲಿಗಟ್ಟುತ್ತಿತ್ತು. ಡಾಕ್ಟರು ಬಂದು ಆಕ್ಸಿಜನ್ ಹಚ್ಚಿದರು. ಸ್ವಲ್ಪ ಹೊತ್ತಿಗೆ ಕೂಸು ಗಟ್ಟಿಯಾಗಿ ಅತ್ತಿತು.

ಮಧ್ಯಾಹ್ನ ಮೆಹರುನ್ನೀಸಾ ಆ ಸಾಲಿನ ಕೆಳಗೆ ‘ಕೂಸು ಹಾಲು ಕುಡಿಯಿತು’ ಎಂದು ಬರೆದಳು. ತನ್ನ ಫೋನಿನಲ್ಲಿ ಅದನ್ನೋದಿದ ಶಾಂತಲಾ, ಕಣ್ಣೊರೆಸಿಕೊಳ್ಳುತ್ತಾ ನಕ್ಕಳು.