ಸಪ್ಪಳ ಕಡಿಮೆಯ ಮಿಕ್ಸಿ

ನಡುರಾತ್ರಿ ಗುರ್ ಎಂಬ ಸದ್ದು ಸಣ್ಣಗೆ ಕೇಳಿ ನಿಂತಿತು. ಹೊದಿಕೆಯೊಳಗೆ ಬೆಕ್ಕು ಗುರುಗುಟ್ಟಿದ ಹಾಗೆ. ಆದರೆ ಆ ಮನೆಯಲ್ಲಿ ಬೆಕ್ಕಿರಲಿಲ್ಲ. ಬಾಗಿಲ ಚಿಲಕವನ್ನು ಎರಡೆರಡು ಸಲ ಮುಟ್ಟಿ ನೋಡದೆ ಮಲಗದ ನಾಗರತ್ನ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಯವರೆಗೆ ಬಂದು ಇಣುಕಿದಳು. ಅತ್ತೆ ದಾಕ್ಷಾಯಣಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಒಂದು ಕೌದಿಯ ಗಂಟು. ಹಟ ಹಿಡಿದ ಕೂಸನ್ನು ಸುಮ್ಮನಾಗಿಸುವಂತೆ ಅದನ್ನು ಅವುಚಿಕೊಂಡಿದ್ದಳು. ಗಂಟಿನಿಂದ ಹೊರಟ ವೈರು ಗೋಡೆಯ ಪ್ಲಗ್ಗಿಗೆ ಸೇರಿತ್ತು. ಹುರಿದ ಶೇಂಗಾ, ಬೆಳ್ಳುಳ್ಳಿಯ ಘಮ. ಗಂಟು ಇನ್ನೊಮ್ಮೆ ಗುರ್ ಎಂದಿತು, ಟಪ್ ಎಂದಿತು, ಆಮೇಲೆ ಬಟ್ಟೆ ಸುಟ್ಟ ವಾಸನೆ ಬಂತು.

ನಾಗರತ್ನ ಬಂದ ಹೆಜ್ಜೆಯಲ್ಲೇ ಹಿಂದಿರುಗಿ ಮಲಗಿದಳು. ನಿದ್ದೆ ಬರಲಿಲ್ಲ, ನಗು ಬಂತು. ದಾಕ್ಷಾಯಣಮ್ಮ ಒರಳಿನಲ್ಲಿ ಕುಟ್ಟಿದ ಶೇಂಗಾ ಚಟ್ನಿಪುಡಿಗೆ ಕೊಟ್ಟೂರಿನ ಆ ಓಣಿಯಷ್ಟೇ ಅಲ್ಲ, ಹರಪನಹಳ್ಳಿಯ ಬೀಗರೂ ಖಾಲಿ ಡಬ್ಬಿ ಕಳಿಸುತ್ತಿದ್ದರು. “ಮಿಕ್ಸಿಗೆ ಹಾಕಿದ್ದು ಬೂದಿ, ಒಳ್ಳಾಗ ಕುಟ್ಟಿದ್ದು ಪುಡಿ” ಎಂಬ ಅತ್ತೆಯ ಮಾತನ್ನು ಸೊಸೆ ಮನೆ ತುಂಬಿದ ದಿನದಿಂದ ಕೇಳುತ್ತ ಬಂದಿದ್ದಳು.

ಬೆಳಿಗ್ಗೆ ಮುದುಕಿಯೇ ಮೊದಲು ಬಾಯಿ ತೆರೆದಳು. “ನಿನ್ನ ಮಿಕ್ಸಿ ಸತ್ತೈತಿ ನೋಡವಾ. ಹಗಲೂ ರಾತ್ರಿ ತಿರುವಿದ್ರ ಇನ್ನೇನ್ ಆಕ್ಕೈತಿ?”

“ರಾತ್ರಿ ನಾನೆಲ್ಲಿ ತಿರುವೀನಿ ಅತ್ತಿ?”

“ಮಾತಿಗೆ ಅಂದೆ.”

ಇಷ್ಟು ವರ್ಷದ ಚುಚ್ಚುಮಾತಿಗೆಲ್ಲ ಒಂದೇ ಉತ್ತರ ಸಾಕಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಮುದುಕಿ ಚಹಾದ ಲೋಟ ಎತ್ತಿಕೊಂಡಳು. ಬಲಗೈ ಎದೆಯ ಮಟ್ಟಕ್ಕೇ ನಿಂತಿತು, ಎಡಗೈ ಬಂದು ಆಸರೆ ಕೊಟ್ಟಿತು. ಆ ಭುಜ ಒನಕೆ ಎತ್ತುವುದನ್ನು ಎಂದೋ ಬಿಟ್ಟಿರಬೇಕು. ತಾನು ಇದನ್ನು ಇವತ್ತಷ್ಟೇ ನೋಡುತ್ತಿದ್ದೇನಲ್ಲ ಎಂದುಕೊಂಡಳು ನಾಗರತ್ನ. ಹಿತ್ತಲ ಎತ್ತರದ ಗೋಡೆಯಾಚೆಯಿಂದ ಪಕ್ಕದ ಮನೆಯ ಗಿಡ್ಡಮ್ಮನ ದನಿ ಬಂತು: “ದಾಕ್ಷಾಯಣಕ್ಕಾ, ನಾಡಿದ್ದು ನಮ್ಮ ತಂಗಿ ಬರ್ತಾಳ, ಚಟ್ನಿಪುಡಿ ಬೇಕಂತ. ಅಲ್ಲಾ, ಈಗೀಗ ನಿಮ್ಮ ಹಿತ್ತಲದಾಗ ಕುಟ್ಟೋ ಸಪ್ಪಳನ ಕೇಳವಲ್ದಲ್ಲ?”

“ನಿನ್ನ ಕಿವಿ ಮಂದ ಆಗ್ಯಾವ ತಗಾ” ಎಂದಳು ಮುದುಕಿ. ದನಿಯಲ್ಲಿ ಎಂದಿನ ಖಾರವಿರಲಿಲ್ಲ. ಲೋಟ ಕೆಳಗಿಟ್ಟವಳು ಮತ್ತೆ ಅದನ್ನು ಮುಟ್ಟಲಿಲ್ಲ.

ಸಂಜೆ ಇಬ್ಬರೂ ಬಜಾರಿನ ಯೂನುಸನ ಅಂಗಡಿಗೆ ಹೋದರು. “ನಾ ಜೊತಿಗಷ್ಟ” ಎಂದು ಮುದುಕಿ ಸ್ಟೂಲಿನ ಮೇಲೆ ಕೂತು ಬೀದಿಯ ಕಡೆ ಮುಖ ಮಾಡಿದಳು. ಸೂಜಿ ಕೊಳ್ಳಲೂ ಎರಡು ಅಂಗಡಿ ತಿರುಗುವ ನಾಗರತ್ನ ಮಿಕ್ಸಿಗಳನ್ನು ಸಾಲಾಗಿ ಇಡಿಸಿದಳು.

“ಇದು ಕೊಯಮತ್ತೂರಿಂದು ನೋಡ್ರಿ ಅಕ್ಕಾರ, ಅರಿಶಿಣ ಕೊಂಬು ಹಾಕಿದ್ರೂ ಹಿಟ್ಟು ಮಾಡತೈತಿ” ಎಂದ ಯೂನುಸ. “ಇದು ದಿಲ್ಲಿದು, ಬಣ್ಣ ಚಲೋ, ಜಾರು ಒಂದು ಹೆಚ್ಚಿಗಿ. ಇದು ಹೊಸ ಕಂಪನಿ, ಹೆಸರು ಯಾರೂ ಕೇಳಿಲ್ಲ, ಆದ್ರ ಗ್ಯಾರಂಟಿ ಎಲ್ಲಾದಕ್ಕಿಂತ ಜಾಸ್ತಿ ಐತ್ರಿ.”

“ಸಪ್ಪಳ ಯಾವುದ್ರದು ಕಡಿಮಿ?”

“ಮೋಟರ್ ಕೇಳ್ತಾರ, ರೇಟು ಕೇಳ್ತಾರ. ಸಪ್ಪಳ ಕೇಳಿದವರು ನೀವ ಮೊದಲು.”

“ನಂಗ ತಲಿನೋವು.”

ಕೊಯಮತ್ತೂರಿನದು ಕೂಡ್ಲಿಗಿ ಬಸ್ಸು ದಿಬ್ಬ ಏರಿದಂತೆ ಮೊರೆಯಿತು. ದಿಲ್ಲಿಯದು ಕಿರುಚಿತು. ಹೆಸರಿಲ್ಲದ್ದು ಮಾತ್ರ ಜೇನುಗೂಡಿನ ಪಕ್ಕ ನಿಂತಂತೆ ಗುಂಯ್ ಎಂದಿತು. ಯೂನುಸ ಉತ್ಸಾಹದಿಂದ ಒಂದು ಹಿಡಿ ಶೇಂಗಾ ಸುರಿದು ಗುಂಡಿಯನ್ನು ಕೊನೆಯವರೆಗೆ ತಿರುವಿದ.

“ಏ ತಮ್ಮಾ, ಒಮ್ಮೆಲೇ ಹಂಗ ಬಿಡಬ್ಯಾಡೋ” ಎಂದಳು ದಾಕ್ಷಾಯಣಮ್ಮ ಸ್ಟೂಲಿನಿಂದ ಅರ್ಧ ಎದ್ದು. “ಹಿಂದಕ್ಕ ತಿರುವಿ ಬಿಟ್ಟು ಬಿಟ್ಟು ಹೊಡಿ. ಇಲ್ಲಂದ್ರ ಎಣ್ಣಿ ಬಿಟ್ಟು ಮುದ್ದಿ ಆಕ್ಕೈತಿ.”

ಯೂನುಸನ ಕೈ ಗುಂಡಿಯ ಮೇಲೇ ನಿಂತಿತು. “ದೊಡ್ಡಮ್ಮಾರು ಮಿಕ್ಸಿ ಮುಟ್ಟಂಗಿಲ್ಲ ಅಂತ ಊರೆಲ್ಲ ಅಂತೈತಲ್ರಿ?”

ಮುದುಕಿ ಸೆರಗು ಎಳೆದುಕೊಂಡಳು.

“ನಾ ಮಾಡೋದು ನೋಡ್ಯಾರ” ಎಂದಳು ನಾಗರತ್ನ, ಹೆಸರಿಲ್ಲದ ಮಿಕ್ಸಿಯ ಡಬ್ಬಿಯ ಮೇಲಿನ ಅಕ್ಷರಗಳನ್ನು ಬಹಳ ಶ್ರದ್ಧೆಯಿಂದ ಓದುತ್ತ. “ಇದನ್ನ ಕಟ್ರಿ.”

ಓಣಿಯ ತಿರುವಿನಲ್ಲಿ ಮುದುಕಿ ಕೇಳಿದಳು: “ತಲಿನೋವು ಯಾವಾಗಿಂದವಾ ನಿಂಗ?”

“ನಿನ್ನೆ ರಾತ್ರಿಯಿಂದ ಅತ್ತಿ.”

ಮುದುಕಿ ಎಡಗೈ ಚಾಚಿ, ಮಿಕ್ಸಿಯ ಚೀಲದ ಒಂದು ಕಿವಿ ತಾನು ಹಿಡಿದುಕೊಂಡಳು.

ಮರುದಿನ ಅತ್ತೆ ಹುರಿದ ಶೇಂಗಾದ ಬುಟ್ಟಿಯೊಡನೆ ಅಡುಗೆಮನೆ ಹೊಕ್ಕು ಬಾಗಿಲು ಮುಂದಕ್ಕೆ ಮಾಡಿಕೊಂಡಳು. ನಾಗರತ್ನ ಹಿತ್ತಲಿಗೆ ಹೋಗಿ ಒರಳಿನಲ್ಲಿ ತುಂಬಿದ್ದ ಬೇವಿನ ಎಲೆಗಳನ್ನು ತೆಗೆದು ಚೆಲ್ಲಿದಳು. ಬರಿ ಕಲ್ಲಿನ ಸದ್ದು ಬೇರೆಯೇ ಇರುತ್ತದೆ, ಗಿಡ್ಡಮ್ಮನ ಕಿವಿ ಚುರುಕು ಎಂದು ನೆನೆದು, ಸುಟ್ಟ ಕೌದಿಯ ಒಂದು ಚೂರನ್ನು ಮಡಿಸಿ ತಳಕ್ಕೆ ಹಾಕಿದಳು. ಆಮೇಲೆ ಒನಕೆ ಎತ್ತಿದಳು.

“ಹಾಂ, ಈಗ ಕೇಳಿಸ್ತು ನೋಡು ದಾಕ್ಷಾಯಣಕ್ಕಾ” ಎಂದಿತು ಗೋಡೆಯಾಚೆಯ ದನಿ. “ಏನಂದ್ರೂ ಒಳ್ಳಾಗ ಕುಟ್ಟಿದ್ದರ ರುಚಿನ ಬ್ಯಾರೆ.”

ಒಳಗೆ ಜೇನು ಗುಂಯ್‌ಗುಡುತ್ತಿತ್ತು. ಗಂಡನಿಗೂ ಬೇಡ, ತವರಿಗೂ ಬೇಡ, ಯಾರಿಗೂ ಹೇಳುವುದು ಬೇಡ ಎಂದು ತೀರ್ಮಾನಿಸಿ, ನಾಗರತ್ನ ಖಾಲಿ ಒರಳಿಗೆ ಇನ್ನೊಂದು ಪೆಟ್ಟು ಹಾಕಿದಳು.