ಬಾಗಿಲ ಕಡೆಯ ಬೇರಿಂಗು

ಅಪ್ಪನ ಟ್ರಂಕಿನ ತಳದಲ್ಲಿ ಮೊನ್ನೆ ಎಣ್ಣೆ ಹನಿಸುವ ಗಾಜಿನ ಬಟ್ಟಲೊಂದು ಸಿಕ್ಕಿತು; ಸುತ್ತಿದ ಕಾಗದವನ್ನು ಯಾರೂ ಬಿಚ್ಚಿಯೇ ಇರಲಿಲ್ಲ.

ಬಸವಕಲ್ಯಾಣದಲ್ಲಿ ನಮ್ಮದು ಜೋಳ ಬೀಸುವ ಗಿರಣಿ. ಚರ್ಮದ ಪಟ್ಟಾ ತಿರುಗಿಸುವ ಉದ್ದನೆಯ ಕಬ್ಬಿಣದ ದಂಡಕ್ಕೆ ಮೂರು ಬೇರಿಂಗು. ಅವಕ್ಕೆ ಎಣ್ಣೆ ಬಿಡುವುದು ಅಪ್ಪನ ತಾಯಿ, ನಮ್ಮ ಆಯಿಯ ಕೆಲಸ. ಅಜ್ಜ ತೀರಿಕೊಂಡ ಮೇಲೂ ಅದನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನನಗೆ ಜ್ವರ ಬಂದಾಗ ಹಣೆ ಮುಟ್ಟುತ್ತಿದ್ದಳಲ್ಲ, ಹಾಗೆಯೇ ಬೆರಳ ಹಿಂಬದಿಯಿಂದ ಬೇರಿಂಗು ಮುಟ್ಟಿ ನೋಡುತ್ತಿದ್ದಳು. ಬಿಸಿಯಿದ್ದರೆ ಎಣ್ಣೆ ಹೆಚ್ಚು. ಕೈಗಂಟಿದ ಎಣ್ಣೆಯನ್ನು ಒಡೆದ ಹಿಮ್ಮಡಿಗೆ ಒರೆಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಅವಳ ಸೆರಗಿನ ತುದಿ ಪಟ್ಟಾಕ್ಕೆ ಸಿಕ್ಕು ಹರಿಯಿತು. ಮರುದಿನ ಅಪ್ಪ ಗಿರಣಿ ಶುರುವೇ ಮಾಡಲಿಲ್ಲ. ಹುಮನಾಬಾದಿಗೆ ಹೋಗಿ, ತಾವಾಗಿಯೇ ಎಣ್ಣೆ ಹನಿಸುವ ಗಾಜಿನ ಬಟ್ಟಲುಗಳನ್ನು ಚೀಲದಲ್ಲಿ ಹಾಕಿಕೊಂಡು ತಂದ. ಮಧ್ಯಾಹ್ನ ಪಟ್ಟಾದ ಹತ್ತಿರದ ಎರಡು ಬೇರಿಂಗಿಗೆ ಅವನ್ನು ಕೂಡಿಸಿದ. ಆಯಿ ಎಣ್ಣೆಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು.

"ಇನ್ನ ನಂದೇನದ ಕೆಲಸ ಇಲ್ಲಿ?" ಎಂದಳು.

ಅಪ್ಪನ ಕೈ ಚೀಲದೊಳಗೇ ನಿಂತಿತು. ಪಟ್ಟಾದಿಂದ ದೂರ, ಬಾಗಿಲ ಕಡೆಗಿದ್ದ ಬೇರಿಂಗನ್ನು ಒಮ್ಮೆ ನೋಡಿದ.

"ಎರಡೇ ಸಿಕ್ಕಾವವ್ವಾ. ಬಾಗಿಲ ಕಡೀದು ನೀನೇ ನೋಡ್ಕೋಬೇಕು."

"ಅದೇ ಭಾಳ ಕಾಯ್ತದ," ಎನ್ನುತ್ತ ಆಯಿ ಎದ್ದು, ಸೆರಗು ಬಿಗಿದು ಸಿಕ್ಕಿಸಿ, ಬೆಳಗಿನಿಂದ ತಣ್ಣಗಿದ್ದ ಆ ಬೇರಿಂಗಿಗೆ ಬೆರಳು ಹಚ್ಚಿದಳು. "ನೋಡು, ಹ್ಯಾಂಗ ಸುಡಾಕತ್ತದ!"

"ಹೌದವ್ವಾ," ಎಂದು ಅಪ್ಪ ಚೀಲದ ಬಾಯಿ ಕಟ್ಟಿದ.