ಮುಂದಿನ ಸಾಲು

ಇವತ್ತೂ ಮುಂದಿನ ಸಾಲು ಖಾಲಿ. ಊಟದ ಗಂಟೆ ಹೊಡೆದದ್ದೇ ತಡ, ಪಟೇಲರ ಮೊಮ್ಮಕ್ಕಳೂ ಸೇರಿ ದೊಡ್ಡ ಮನೆಗಳ ಇಪ್ಪತ್ತು ಮಕ್ಕಳೂ ಮನೆಯ ದಾರಿ ಹಿಡಿದರು. ಚನ್ನವೀರಪ್ಪ ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು.

ಕೆಂಗೇರಿ ಪಕ್ಕದ ಈ ಶಾಲೆಗೆ ಮಧ್ಯಾಹ್ನದ ಬಿಟ್ಟಿ ಊಟ ತರಿಸಲು ಅವರು ಎರಡು ವರ್ಷ ಕಂಡಕಂಡವರ ಬಾಗಿಲು ತಟ್ಟಿದ್ದರು. ಕೊನೆಗೆ ಪೇಟೆಯ ರಾಗಿ ಮಂಡಿಯವರೊಬ್ಬರು ದಿನಕ್ಕೆ ನಲವತ್ತು ಮುದ್ದೆಗಾಗುವಷ್ಟು ಹಿಟ್ಟು, ಸಾರಿಗೆ ಬೇಳೆ, ಸೊಪ್ಪು ಕೊಡಲು ಒಪ್ಪಿದ್ದರು. ಮಕ್ಕಳು ಅರವತ್ತು. ಹೇಗೋ ಹೊಂದಿಸಿಕೊಂಡರಾಯಿತು, ಎಲ್ಲರೂ ಒಟ್ಟಿಗೆ ಕೂತು ಉಣ್ಣಲಿ ಎಂಬುದು ಮೇಷ್ಟ್ರ ಆಸೆ.

ಆ ಆಸೆಗೆ ಯಾರೋ ಕಲ್ಲು ಹಾಕಿದ್ದರು. ಅಡುಗೆಯ ಚಿಕ್ಕಗಂಗಮ್ಮನ ಜಾತಿ ಬೇರೆಯಂತೆ, ಅವಳ ಕೈಯ ಊಟ ನಮಗಾಗದು ಎಂದು ಊರೆಲ್ಲ ಸುದ್ದಿ. ಹೊರಗಿನಿಂದ ಬಂದವಳು, ಕೇಳಿದವರೆಲ್ಲ ನಂಬಿದರು. ಹದಿನೈದು ದಿನದಿಂದ ಊರ ಬಾವಿಯೂ ಅವಳಿಗೆ ಬಂದ್. ಅಡುಗೆಯ ನೀರನ್ನು ಕೆರೆಯಿಂದ ಹೊತ್ತು ತರುತ್ತಿದ್ದಳು.

"ಯಾರು ಹಬ್ಬಿಸಿದ್ದು ಹೇಳಮ್ಮ, ನಾನು ವಿಚಾರಿಸ್ತೀನಿ."

"ಬಿಡಿ ಮೇಷ್ಟ್ರೇ. ನೀರು ಹೊರೋಕೆ ನಂಗೇನು ಬೇಜಾರಿಲ್ಲ."

ಅವಳು ಹಿಂದಿನ ಸಾಲಿನತ್ತ ತಿರುಗಿದಳು. ರಾಜಾಜಿನಗರದ ಹೊಸ ಮನೆಗಳಿಗೆ ಕಲ್ಲು ಒಡೆಯುವವರ ಮಕ್ಕಳು ತಲೆಯೆತ್ತದೆ ಉಣ್ಣುತ್ತಿದ್ದರು. ಈ ಸಾಲಿಗೆ ಬಡಿಸುವ ಹೊತ್ತಿಗೆ ಪಾತ್ರೆಯ ತಳ ಕೆರೆಯುವ ಸದ್ದು ಇತ್ತೀಚೆಗೆ ಕೇಳುತ್ತಿರಲಿಲ್ಲ. ಮೇಷ್ಟ್ರ ಕಣ್ಣು ಮಾತ್ರ ಮುಂದಿನ ಸಾಲಿನ ಮೇಲೇ.

ಭಾನುವಾರ ಅವರು ಮಾಗಡಿ ಕಡೆಯ ಅವಳ ತವರಿಗೆ ಬಸ್ಸು ಹತ್ತಿದರು. ಸಂಜೆ ಬರುವಾಗ ಜೊತೆಯಲ್ಲಿ ಅವಳ ಸೋದರಮಾವ ಜಂಬಣ್ಣ. ಪಟೇಲ ಮುನಿವೆಂಕಟಪ್ಪನವರ ಜಗಲಿಯಲ್ಲಿ ಕೂತು ಅವನು ನೆಂಟಸ್ತಿಕೆ ಬಿಡಿಸಿ ಹೇಳಿದಂತೆಲ್ಲ ಪಟೇಲರ ಮುಖದ ಬಿಗಿ ಸಡಿಲಿತು. ಚಿಕ್ಕಗಂಗಮ್ಮ ಪಟೇಲರ ಸೊಸೆಗೇ ದೂರದ ಸಂಬಂಧದಲ್ಲಿ ಅಕ್ಕನಾಗಬೇಕು. ಜಾತಿ ಅವರದೇ. ನಾಳೆಯಿಂದಲೇ ಮಕ್ಕಳನ್ನು ಊಟಕ್ಕೆ ಕೂರಿಸಿ ಎಂದರು ಪಟೇಲರು, ಮುಂದಿನ ಸಾಲಿನಲ್ಲೇ ಎಂದೂ ಸೇರಿಸಿದರು.

ಮೇಷ್ಟ್ರು ಒಂದೇ ಉಸಿರಿಗೆ ಅವಳ ಗುಡಿಸಲಿಗೆ ಬಂದರು. ಸುದ್ದಿ ಕೇಳಿದರೆ ಅತ್ತೇಬಿಡುತ್ತಾಳೆ ಎಂದುಕೊಂಡಿದ್ದರು. ಅತ್ತಳು. ಆದರೆ ಆ ಮುಖದಲ್ಲಿ ಸಂತೋಷವಿರಲಿಲ್ಲ.

"ಇನ್ನು ಆ ಸುಳ್ಳು ಹೇಳಿದವರನ್ನ ಹುಡುಕ್ತೀನಿ," ಎಂದರು ಮೇಷ್ಟ್ರು.

"ಹುಡುಕಬೇಡಿ. ಬಾವಿ ಹತ್ರ ನಾನೇ ಹೇಳಿದ್ದು. ನಾಳೆ ಹಿಂದಿನ ಸಾಲಿಗೆ ಏನು ಬಡಿಸ್ಲಿ ಮೇಷ್ಟ್ರೇ?"